ಘಾಟು ಹೊಡೆಯುವ ಈಜುಕೊಳಕ್ಕೆ ಬೇಕಿರುವುದು ಇನ್ನಷ್ಟು ಕ್ಲೋರಿನ್

ಪ್ರಶ್ನೆ: ಕನಕಪುರ ರಸ್ತೆಯಾಚೆ ನಮ್ಮದೊಂದು ತೋಟದ ಮನೆ ಇದೆ. ಎರಡು ವರ್ಷದ ಹಿಂದೆ 24 ಅಡಿ ಉದ್ದ, 12 ಅಡಿ ಅಗಲದ ಈಜುಕೊಳ ಕಟ್ಟಿಸಿದೆವು. ಆಳ ಈ ತುದಿಯಲ್ಲಿ ಮೂರೂವರೆ ಅಡಿ, ಆ ತುದಿಯಲ್ಲಿ ಐದೂವರೆ. ತುಂಬಿಸಿರುವುದು ಬೋರ್‌ವೆಲ್ ನೀರು. ಅಂಚಿನಿಂದ ಚೆಲ್ಲಿದ ನೀರು ನೆಲದಡಿಯ ಟ್ಯಾಂಕಿಗೆ ಹೋಗಿ ಫಿಲ್ಟರ್ ಮೂಲಕ ವಾಪಸ್ ಬರುತ್ತದೆ. ನೋಡಿಕೊಳ್ಳುವ ಹುಡುಗ ವಾರಕ್ಕೆ ಎರಡು ಕ್ಲೋರಿನ್ ಬಿಲ್ಲೆ ಹಾಕುತ್ತಿದ್ದ. ಮೂರು ತಿಂಗಳಿಂದ ವಿಪರೀತ ಕ್ಲೋರಿನ್ ವಾಸನೆ, ಮಕ್ಕಳಿಗೆ ಕಣ್ಣು ಉರಿ. ಕಿಟ್‌ನಲ್ಲಿ ನೋಡಿದರೆ ಕಡು ಹಳದಿ. ಹೆಚ್ಚಾಯಿತೆಂದು ಬಿಲ್ಲೆ ನಿಲ್ಲಿಸಿದೆವು. ವಾಸನೆ ಹೋಗಲಿಲ್ಲ, ಮೇಲಾಗಿ ಗೋಡೆ ಲೋಳೆಲೋಳೆಯಾಗಿದೆ. ಪೂರ್ತಿ ಖಾಲಿ ಮಾಡಿ ಟ್ಯಾಂಕರ್ ನೀರು ತುಂಬಿಸೋಣವೇ? ನಮ್ಮ ಮಾವನವರು ತೀರ್ಥಹಳ್ಳಿ ಕಡೆಯವರು, ತೋಟಕ್ಕೆ ಹೊಡೆಯುವ ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಹಿಡಿ ಹಾಕಿದರೆ ಪಾಚಿ ಸತ್ತುಹೋಗುತ್ತದೆ ಅನ್ನುತ್ತಾರೆ. ಹಾಕಬಹುದೇ?

ಉತ್ತರ: ಟ್ಯಾಂಕರ್‌ನವರಿಗೆ ಇನ್ನೂ ಫೋನ್ ಮಾಡಿಲ್ಲವೆಂದರೆ ಸದ್ಯಕ್ಕೆ ಮಾಡಬೇಡಿ. ನಿಮ್ಮ ಕೊಳದಲ್ಲಿ ಕ್ಲೋರಿನ್ ಹೆಚ್ಚಾಗಿಲ್ಲ. ಕೆಲಸಕ್ಕೆ ಬರುವ ಕ್ಲೋರಿನ್ ಬಹುಶಃ ತಿಂಗಳುಗಳಿಂದ ಸಾಕಾಗುತ್ತಿರಲಿಲ್ಲ, ಈಗಂತೂ ಇಲ್ಲವೇ ಇಲ್ಲ. ಮೂಗಿಗೆ ಹೊಡೆಯುತ್ತಿರುವುದು ಕ್ಲೋರಮೈನ್. ನೀರಿಗಿಳಿದವರ ಬೆವರು, ಮೂತ್ರ, ಉಗುಳಿನಲ್ಲಿ ಅಮೋನಿಯಾ, ಯೂರಿಯಾ ಥರದ ಸಾರಜನಕದ ಕೊಳೆ ಇರುತ್ತದಲ್ಲ, ಕ್ಲೋರಿನ್ ಅದಕ್ಕೆ ಅಂಟಿಕೊಂಡಾಗ ಹುಟ್ಟುವ ವಸ್ತು ಅದು. ಕಣ್ಣು ಉರಿಸುವುದೂ ಅದೇ, ನೀರಿನ ಮೇಲೆ ತೇಲುವ ಘಾಟೂ ಅದೇ. ಕ್ಲೋರಿನ್ ಸಾಕಷ್ಟಿದ್ದರೆ ಅದು ಕ್ಲೋರಮೈನನ್ನೂ ಸುಟ್ಟುಹಾಕುತ್ತದೆ. ಸಾಲದಿದ್ದರೆ ಅರ್ಧಕ್ಕೇ ನಿಲ್ಲುತ್ತದೆ. ಒಂದು ಬಕೆಟ್ ಬಟ್ಟೆಗೆ ಒಂದೇ ಚಮಚ ಸೋಪಿನ ಪುಡಿ ಹಾಕಿ ನೆನೆಸಿಟ್ಟರೆ ಬಟ್ಟೆ ಶುಭ್ರವೂ ಆಗದೆ ನೀರೂ ಕಮಟು ಹಿಡಿಯುತ್ತದಲ್ಲ, ಹಾಗೆ. ಸರಿಯಾಗಿ ಇಟ್ಟ ಕೊಳದ ಪಕ್ಕ ನಿಂತರೆ ಮೂಗಿಗೆ ಏನೂ ಗೊತ್ತಾಗಬಾರದು.

ನಾನೂ ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ನೀವು ಮಾಡಿದ್ದನ್ನೇ ಮಾಡಿದ್ದೆ. ಬೆಂಗಳೂರಿನ ಒಂದು ಮನೆಯವರು ಘಾಟು ಎಂದು ದೂರಿದರು, ನಾನು ಕ್ಲೋರಿನ್ ಅರ್ಧ ಮಾಡಿದೆ. ಎಂಟನೇ ದಿನ ಕೊಳ ಪಾಲಕ್ ಸೊಪ್ಪಿನ ಸಾರಿನ ಬಣ್ಣಕ್ಕೆ ತಿರುಗಿತ್ತು. ಮನೆಯಾಕೆ ಬೈಯಲಿಲ್ಲ, ಕರೆದುಕೊಂಡು ಹೋಗಿ ತೋರಿಸಿದರು ಅಷ್ಟೇ.

ಹಾಗಾದರೆ ಕಿಟ್ ಕಡು ಹಳದಿ ತೋರಿಸಿತಲ್ಲ ಎಂದು ಕೇಳುತ್ತೀರಿ. ಹಳದಿ ಬಣ್ಣ ಬರುವುದು ಓಟಿಓ ದ್ರಾವಣದ ಕಿಟ್‌ನಲ್ಲಿ. ಅಗ್ಗ ಎಂದು ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಇರುವುದು ಅದೇ. ಅದು ನೀರಿನಲ್ಲಿರುವ ಒಟ್ಟು ಕ್ಲೋರಿನ್ ತೋರಿಸುತ್ತದೆ. ಅದರಲ್ಲಿ ಕೆಲಸ ಮಾಡಲು ಬಿಡುವಾಗಿರುವುದೆಷ್ಟು, ಕೊಳೆಗೆ ಅಂಟಿಕೊಂಡು ಕ್ಲೋರಮೈನ್ ಆಗಿಹೋಗಿರುವುದೆಷ್ಟು ಎಂದು ಬೇರ್ಪಡಿಸಿ ಹೇಳುವುದಿಲ್ಲ. ಹನಿ ಹಾಕಿದ ಕ್ಷಣಕ್ಕೆ ಬಣ್ಣ ತೆಳುವಾಗಿದ್ದು, ಎರಡು ಮೂರು ನಿಮಿಷದಲ್ಲಿ ನಿಧಾನಕ್ಕೆ ಕಡುವಾಗುತ್ತಾ ಹೋದರೆ ಇರುವುದೆಲ್ಲ ಅಂಟಿಕೊಂಡದ್ದು ಎಂಬ ಗುಮಾನಿ ಪಡಬಹುದು. ಆದರೆ ಗುಮಾನಿಯ ಮೇಲೆ ಕೊಳ ನಡೆಸಲಾಗದು. ಡಿಪಿಡಿ ಕಿಟ್ ತರಿಸಿಕೊಳ್ಳಿ, ಇದರಲ್ಲಿ ಬರುವುದು ಗುಲಾಬಿ ಬಣ್ಣ. ಒಂದನೇ ನಂಬರಿನ ಗುಳಿಗೆ ಹಾಕಿದಾಗ ಸಿಗುವುದು ಬಿಡಿ ಕ್ಲೋರಿನ್. ಅದೇ ಕೊಳವೆಗೆ ಮೂರನೇ ನಂಬರಿನ ಗುಳಿಗೆ ಸೇರಿಸಿದರೆ ಒಟ್ಟು ಕ್ಲೋರಿನ್. ಒಟ್ಟಿನಿಂದ ಬಿಡಿಯನ್ನು ಕಳೆದರೆ ಉಳಿಯುವುದೇ ನಿಮ್ಮ ಘಾಟಿನ ಲೆಕ್ಕ. ಅದು 0.4 ಪಿಪಿಎಂ ದಾಟಿದರೆ ಕೈಹಚ್ಚಬೇಕು. ಪಿಪಿಎಂ ಅಂದರೆ ಒಂದು ಲೀಟರಿಗೆ ಒಂದು ಮಿಲಿಗ್ರಾಂ, ಹೆದರುವಂಥದ್ದೇನಿಲ್ಲ. ಒಂದು ಎಚ್ಚರಿಕೆ: ಕ್ಲೋರಿನ್ 10 ದಾಟಿದ ನೀರಿನಲ್ಲಿ ಡಿಪಿಡಿಯ ಬಣ್ಣವೇ ಬಿಳುಚಿ ಹೋಗುತ್ತದೆ. ಗುಲಾಬಿ ಒಂದು ಕ್ಷಣ ಮಿಂಚಿ ಮಾಯವಾದರೆ ಕ್ಲೋರಿನ್ ಇಲ್ಲ ಎಂದುಕೊಂಡು ಇನ್ನಷ್ಟು ಸುರಿಯಬೇಡಿ.

ಮುಂದಿನದಕ್ಕೆಲ್ಲ ನಿಮ್ಮ ಕೊಳದಲ್ಲಿ ಎಷ್ಟು ನೀರಿದೆ ಎಂದು ಗೊತ್ತಿರಬೇಕು. ಸರಾಸರಿ ಆಳ ನಾಲ್ಕೂವರೆ ಅಡಿ ಹಿಡಿದರೆ 24, 12, 4.5 ಗುಣಿಸಿ 1,296 ಘನ ಅಡಿ. ಘನ ಅಡಿಗೆ 28.3 ಲೀಟರ್‌ನಂತೆ ಸುಮಾರು 36,700 ಲೀಟರ್. ನೆಲದಡಿಯ ಬ್ಯಾಲೆನ್ಸಿಂಗ್ ಟ್ಯಾಂಕಿನದೂ ಸೇರಿಸಿ 40,000 ಎಂದು ಇಟ್ಟುಕೊಳ್ಳೋಣ. ಆಗ ಒಂದು ಪಿಪಿಎಂ ಅಂದರೆ 40 ಗ್ರಾಂ. ಈ ನಲವತ್ತನ್ನು ಪಂಪ್‌ರೂಮಿನ ಗೋಡೆಯ ಮೇಲೆ ದಪ್ಪಗೆ ಬರೆಸಿಬಿಡಿ.

ಈಗ ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ. ಇದು ಬರಿಯ ಕಣ್ಣುರಿಯ ವಿಷಯವಲ್ಲ. ನೀರಿಗೆ ಬಿದ್ದ ಬಿಡಿ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ, ಒಂದು ಚುರುಕು, ಇನ್ನೊಂದು ಸೋಮಾರಿ. ಪಿಎಚ್ 7.2ರಲ್ಲಿ ಮೂರರಲ್ಲಿ ಎರಡು ಪಾಲು ಚುರುಕು. 7.5ರಲ್ಲಿ ಅರ್ಧರ್ಧ. 8ಕ್ಕೆ ಹೋದರೆ ಚುರುಕಿನ ಪಾಲು ಕಾಲು ಭಾಗಕ್ಕೆ ಇಳಿಯುತ್ತದೆ, 8.5ರಲ್ಲಿ ಹತ್ತರಲ್ಲಿ ಒಂದು ಪಾಲೂ ಇರುವುದಿಲ್ಲ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಕ್ಷಾರದ ಅಂಶವೂ ಹೆಚ್ಚು. ಕೊಳದಲ್ಲಿ ಅಂಚಿನಿಂದ ಧುಮುಕಿ ಗಾಳಿಯಾಡಿದಷ್ಟೂ ಅದರ ಪಿಎಚ್ ಮೇಲೇರುತ್ತದೆ. ನಿಮ್ಮ ಟೈಲ್ಸ್ ಅಂಚಿನಲ್ಲಿ, ಗೀಸರ್ ಕಾಯಿಲ್ ಮೇಲೆ ಕಟ್ಟುವಂಥ ಬಿಳಿ ಸುಣ್ಣದ ಪೊರೆ ಕಂಡರೆ ಇದೇ ನಡೆಯುತ್ತಿದೆ ಎಂದು ಅರ್ಥ.

ಅದಕ್ಕೆ ಮದ್ದು ಹೈಡ್ರೋಕ್ಲೋರಿಕ್ ಆಸಿಡ್. ಪಿಎಚ್ 7.2ರಿಂದ 7.6ರ ನಡುವೆ ಇರಲಿ, ಆಲ್ಕಲಿನಿಟಿ, ಅಂದರೆ ನೀರಿನ ಕ್ಷಾರದ ಅಂಶ, 80ರಿಂದ 120 ಪಿಪಿಎಂ ನಡುವೆ. ನಿಮ್ಮಷ್ಟು ನೀರಿನಲ್ಲಿ ಆಲ್ಕಲಿನಿಟಿಯನ್ನು ಹತ್ತು ಪಿಪಿಎಂ ಇಳಿಸಲು ಶೇ. 32ರ ಆಸಿಡ್ ಸುಮಾರು 800 ಮಿಲಿ ಬೇಕು. ಬೋರ್ ನೀರು 300ರಿಂದ ಶುರುವಾಗಿದ್ದರೆ ಲೆಕ್ಕ ಹದಿನಾಲ್ಕು ಲೀಟರಿಗೆ ಹೋಗಿ ನಿಲ್ಲುತ್ತದೆ! ಒಂದೇ ದಿನ ಸುರಿಯುವ ಬಾಬತ್ತಲ್ಲ ಅದು. ಪಂಪ್ ಓಡುತ್ತಿರುವಾಗ, ಆಳದ ಕಡೆ, ಬಕೆಟ್ ನೀರಿಗೆ ಆಸಿಡ್ ಬೆರೆಸಿ, ದಿನಕ್ಕೆ ಹೆಚ್ಚೆಂದರೆ ಒಂದು ಲೀಟರ್. ಮರುದಿನ ಪಿಎಚ್ ನೋಡಿ, 7.2ಕ್ಕಿಂತ ಕೆಳಗಿದ್ದರೆ ಆ ದಿನ ಬಿಡುವು. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್ ಮೇಲೆ ನೀರು ಸುರಿಯಬಾರದು. ಹುಡುಗನಿಗೆ ಕನ್ನಡಕ, ರಬ್ಬರ್ ಗ್ಲೌಸ್ ಕೊಡಿಸಿ.

ಇನ್ನು ಬಿಲ್ಲೆಗಳ ಕಥೆ. ಇದನ್ನು ಮಾರುವವರು ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. 200 ಗ್ರಾಂ ತೂಕದ ಆ ಬಿಲ್ಲೆ ಟ್ರೈಕ್ಲೋರೋ ಐಸೋಸಯನ್ಯೂರಿಕ್ ಆಸಿಡ್, ಅಂಗಡಿಯಲ್ಲಿ ಟಿಸಿಸಿಎ 90 ಎನ್ನುತ್ತಾರೆ. ಅದು ಕರಗಿದಾಗ ಕ್ಲೋರಿನ್ ಜತೆ ಸಯನ್ಯೂರಿಕ್ ಆಸಿಡ್ ಕೂಡ ನೀರಿಗೆ ಸೇರುತ್ತದೆ. ಅದು ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಹಿಡಿದಿಡುತ್ತದೆ. 30ರಿಂದ 50 ಪಿಪಿಎಂ ಇದ್ದರೆ ಒಳ್ಳೆಯದೇ, ಅದಿಲ್ಲದ ಕೊಳದಲ್ಲಿ ಮಧ್ಯಾಹ್ನದ ಬಿಸಿಲು ಎರಡು ಮೂರು ಗಂಟೆಯಲ್ಲಿ ಬಹುಪಾಲು ಕ್ಲೋರಿನ್ ತಿಂದುಹಾಕುತ್ತದೆ. ಆದರೆ ಅತಿಯಾದರೆ ಹಿಡಿದಿಟ್ಟ ಕ್ಲೋರಿನ್ನನ್ನು ಬಿಡುವುದೇ ಇಲ್ಲ. ಮನೆಯಲ್ಲಿ ದುಡ್ಡಿದ್ದೂ ಬೀರುವಿನ ಕೀಲಿ ಇನ್ಯಾರದೋ ಕೈಲಿದ್ದ ಹಾಗೆ. ನಿಮ್ಮ ನೀರಿಗೆ ಒಂದು ಬಿಲ್ಲೆ ಹಾಕಿದರೆ ಕ್ಲೋರಿನ್ 4.5 ಪಿಪಿಎಂ, ಸಯನ್ಯೂರಿಕ್ ಆಸಿಡ್ 2.7 ಪಿಪಿಎಂ. ವಾರಕ್ಕೆ ಎರಡರಂತೆ ತಿಂಗಳಿಗೆ ಇಪ್ಪತ್ತರ ಮೇಲೆ. ಕ್ಲೋರಿನ್ ಖರ್ಚಾಗುತ್ತದೆ. ಈ ಆಸಿಡ್ ಆವಿಯಾಗುವುದಿಲ್ಲ, ಫಿಲ್ಟರಿಗೂ ಸಿಗುವುದಿಲ್ಲ. ಮಳೆಗೆ ಉಕ್ಕಿ ಹೋದದ್ದು, ಫಿಲ್ಟರ್ ತೊಳೆಯಲು ನೀರನ್ನು ಹಿಮ್ಮುಖವಾಗಿ ಹಾಯಿಸುವ ಬ್ಯಾಕ್‌ವಾಶ್‌ನಲ್ಲಿ ಹೋದದ್ದು ಕಳೆದರೂ ಎರಡು ವರ್ಷದಲ್ಲಿ ನಿಮ್ಮ ಕೊಳ 100 ದಾಟಿರುತ್ತದೆ ಎಂದೇ ನನ್ನ ಅಂದಾಜು. ಇದನ್ನು ಅಳೆಯಲು ಬೇರೆ ಗುಳಿಗೆ ಬರುತ್ತದೆ: ನೀರು ಹಾಲಿನಂತೆ ಕದಡುತ್ತದೆ, ಕೊಳವೆಯ ತಳದ ಕಪ್ಪು ಚುಕ್ಕಿ ಎಲ್ಲಿ ಮರೆಯಾಗುತ್ತದೋ ಅಲ್ಲಿ ಓದಬೇಕು.

ಅಳತೆ 100 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೀರು ಬದಲಾಯಿಸದೆ ಗತಿಯಿಲ್ಲ. ಟ್ಯಾಂಕರ್ ಬೇಕಾಗುವುದು ಇದೊಂದಕ್ಕೇ, ಅದೂ ಅರ್ಧ ನೀರಿಗೆ. ಅರ್ಧ ತೆಗೆದು ತುಂಬಿಸಿದರೆ 100 ಇದ್ದದ್ದು 50ಕ್ಕೆ ಇಳಿಯುತ್ತದೆ, ಲೆಕ್ಕ ಅಷ್ಟು ಸರಳ. ಪೂರ್ತಿ ಖಾಲಿ ಮಾಡುವುದನ್ನು ನಾನು ಒಪ್ಪದಿರಲು ನೀರಿನ ಬೆಲೆಯೊಂದೇ ಕಾರಣವಲ್ಲ. ಮಳೆಗಾಲದಲ್ಲಿ ನೆಲ ನೀರು ಕುಡಿದು ನಿಂತಾಗ ಖಾಲಿ ಕೊಳ ದೋಣಿಯಂತೆ ಕೆಳಗಿನಿಂದ ಒತ್ತಡ ತಿನ್ನುತ್ತದೆ. ಟೈಲ್ಸ್ ಏಳುತ್ತವೆ, ಕೆಲವು ಕಡೆ ತೊಟ್ಟಿಯೇ ಮೇಲೆದ್ದು ಬಿರುಕು ಬಿಡುತ್ತದೆ. ಕರಾವಳಿ, ಮಲೆನಾಡಿನವರಿಗಂತೂ ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಳ ಬರಿದು ಮಾಡಲೇಬೇಡಿ ಅನ್ನುತ್ತೇನೆ. ನೀರಿನ ಮಾತು ಬಂತು: 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿತ್ತು, ತಪ್ಪಿದರೆ ಐದು ಸಾವಿರ ದಂಡ. ಆ ಬೇಸಿಗೆಯಲ್ಲಿ ಹಳೇ ನೀರನ್ನು ಚೆನ್ನಾಗಿ ಇಟ್ಟುಕೊಂಡಿದ್ದವರ ಮಕ್ಕಳು ಮಾತ್ರ ಈಜಿದರು. ಹೊರಗೆ ಬಿಡುವ ನೀರಿಗೆ ಎರಡು ಮೂರು ದಿನ ಮೊದಲೇ ಕ್ಲೋರಿನ್ ನಿಲ್ಲಿಸಿ, ಕಿಟ್‌ನಲ್ಲಿ ಸೊನ್ನೆ ಬಂದ ಮೇಲೆ ಹುಲ್ಲಿಗೆ ಬಿಡಿ. ಮೀನಿರುವ ಹೊಂಡಕ್ಕಾಗಲಿ ಕೆರೆಯ ಕಾಲುವೆಗಾಗಲಿ ಬೇಡ.

ಇನ್ನು ಮುಂದೆ ಬಿಲ್ಲೆಯನ್ನು ಊರಿಗೆ ಹೋಗುವಾಗ ಮಾತ್ರ ಇಟ್ಟುಕೊಳ್ಳಿ. ದಿನನಿತ್ಯಕ್ಕೆ ಶೇ. 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಕಾಳು ಅಥವಾ ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ಬಳಸಿ. ನಿಮ್ಮದು ಮೊದಲೇ ಗಡಸು ನೀರು, ಕಾಳಿನಲ್ಲಿರುವ ಕ್ಯಾಲ್ಸಿಯಂ ಇನ್ನಷ್ಟು ಗಡಸು ಮಾಡುತ್ತದೆ. ಆದ್ದರಿಂದ ದ್ರವವೇ ವಾಸಿ. ಆದರೆ ಅದು ಕ್ಯಾನಿನಲ್ಲೇ ದಿನದಿಂದ ದಿನಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ, ಆರು ತಿಂಗಳಿಗಾಗುವಷ್ಟು ತಂದಿಡಬೇಡಿ. ಪಂಚಾಯಿತಿಯವರು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಬೇಡ, ಮೂರನೇ ಒಂದು ಪಾಲು ಕ್ಲೋರಿನ್, ಉಳಿದದ್ದೆಲ್ಲ ಸುಣ್ಣದ ಗಸಿ.

ಸಯನ್ಯೂರಿಕ್ ಆಸಿಡ್ 50ರ ಒಳಗೆ, ಪಿಎಚ್ 7.4ರ ಹತ್ತಿರ ಬಂದ ಮೇಲೆ ಒಂದು ರಾತ್ರಿಯ ಕೆಲಸ ಇದೆ. ಅಂಟಿಕೊಂಡ ಕ್ಲೋರಿನ್ ಎಷ್ಟು ಅಳತೆಗೆ ಸಿಕ್ಕಿತೋ ಅದರ ಹತ್ತು ಪಟ್ಟು ಬಿಡಿ ಕ್ಲೋರಿನ್ ಒಂದೇ ಏಟಿಗೆ ಕೊಡಬೇಕು. ಇಂದು ನಾಲ್ಕು, ನಾಳೆ ನಾಲ್ಕು ಎಂದು ಕಂತಿನಲ್ಲಿ ಕೊಟ್ಟರೆ ಕ್ಲೋರಮೈನ್ ಸುಡುವ ಬದಲು ಇನ್ನಷ್ಟು ಹುಟ್ಟುತ್ತದೆ, ಘಾಟು ಹೆಚ್ಚುತ್ತದೆ. ಉದಾಹರಣೆಗೆ 1 ಪಿಪಿಎಂ ಅಂಟಿಕೊಂಡದ್ದಿದ್ದರೆ ನಿಮಗೆ ಬೇಕಾದದ್ದು 10 ಪಿಪಿಎಂ, ಅಂದರೆ 400 ಗ್ರಾಂ ಕ್ಲೋರಿನ್. ಶೇ. 10ರ ದ್ರವವಾದರೆ ನಾಲ್ಕು ಲೀಟರ್, ಶೇ. 65ರ ಕಾಳಾದರೆ ಸುಮಾರು 615 ಗ್ರಾಂ. ಸೂರ್ಯ ಮುಳುಗಿದ ಮೇಲೆ ಸುತ್ತಲೂ ನಡೆಯುತ್ತಾ ಸುರಿಯಿರಿ (ಕಾಳಾದರೆ ಮೊದಲು ಬಕೆಟ್ ನೀರಿನಲ್ಲಿ ಕರಗಿಸಿ), ರಾತ್ರಿಯಿಡೀ ಪಂಪ್ ಓಡಲಿ, ಹೊದಿಕೆ ಇದ್ದರೆ ತೆಗೆದಿಡಿ, ಸುಟ್ಟ ಕ್ಲೋರಮೈನ್ ಗಾಳಿಗೆ ಹೋಗಬೇಕು. ಬೆಳಿಗ್ಗೆ ಅಳೆಯಿರಿ. ಬಿಡಿ ಕ್ಲೋರಿನ್ 4ಕ್ಕೆ ಇಳಿಯುವವರೆಗೆ ಯಾರೂ ಇಳಿಯುವ ಹಾಗಿಲ್ಲ. ಮೊದಲ ರಾತ್ರಿಗೇ ಎಲ್ಲವೂ ತಿಂದುಹೋಗಿ ಅಳತೆ ಸೊನ್ನೆ ಬಂದರೆ ಗಾಬರಿ ಬೇಡ, ಲೋಳೆ ಅಷ್ಟಿತ್ತು ಎಂದರ್ಥ. ಮರುರಾತ್ರಿ ಮತ್ತೊಮ್ಮೆ. ಆಮೇಲೆ ದಿನವೂ ಬಿಡಿ ಕ್ಲೋರಿನ್ 3ರ ಆಸುಪಾಸು ಇದ್ದರೆ ಸಾಕು.

ಆದರೆ ಈ ರಾತ್ರಿಗೆ ಮೊದಲು ಲೋಳೆಯನ್ನು ಕೈಯಾರೆ ಕೀಳಿಸಬೇಕು. ಲೋಳೆ ಅಂದರೆ ಸೂಕ್ಷ್ಮಜೀವಿಗಳು ತಮ್ಮ ಮೇಲೆ ತಾವೇ ಹೊದ್ದುಕೊಂಡ ಕಂಬಳಿ. ಬ್ರಷ್ ಹಾಕಿ ಉಜ್ಜದೆ ಅದರೊಳಗೆ ಕ್ಲೋರಿನ್ ಇಳಿಯದು. ಗೋಡೆ ಎಲ್ಲರೂ ಉಜ್ಜುತ್ತಾರೆ. ಮರೆಯುವುದು ಅಂಚಿನ ಗಟರಿನ ಜಾಲರಿಯ ತಳಭಾಗ, ಏಣಿಯ ಹಿಂಬದಿ, ಮತ್ತೆ ಆ ನೆಲದಡಿಯ ಬ್ಯಾಲೆನ್ಸಿಂಗ್ ಟ್ಯಾಂಕ್. ಅದರ ಮುಚ್ಚಳ ಕೊನೆಯ ಸಲ ಯಾವಾಗ ತೆಗೆದಿದ್ದೀರಿ? ಕತ್ತಲು, ತೇವ, ಹೊಂಗೆ ಹೂವಿನ ಕಸ, ಒಂದೆರಡು ಸತ್ತ ಕಪ್ಪೆ. ನಾನು ಹೋದ ಅರ್ಧಕ್ಕರ್ಧ ಮನೆಗಳಲ್ಲಿ ಕೊಳ ನೋಡಲು ಚೆಂದ, ನಾತದ ಮೂಲ ಈ ಟ್ಯಾಂಕು. ಮುಚ್ಚಳ ತೆಗೆದು ಒಂದು ಹೊತ್ತು ಗಾಳಿಯಾಡಲು ಬಿಟ್ಟು, ಹೊರಗೊಬ್ಬರು ಕಾವಲಿದ್ದು, ಆಮೇಲೆ ಒಳಗಿಳಿಸಿ. ಕ್ಲೋರಿನ್ ಅಥವಾ ಆಸಿಡ್ ಹಾಕಿದ ದಿನ ಯಾರನ್ನೂ ಇಳಿಸಬೇಡಿ.

ಫಿಲ್ಟರ್ ಬಗ್ಗೆ ಬೇಗ ಮುಗಿಸುತ್ತೇನೆ. ಬ್ಯಾಕ್‌ವಾಶ್ ಮಾಡಿದ ಕೂಡಲೇ ಒತ್ತಡದ ಗೇಜಿನ ಮುಳ್ಳು ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಿ, ಅಲ್ಲಿಂದ ಎಂಟು ಹತ್ತು ಪಿಎಸ್‌ಐ ಏರಿದಾಗ ಮತ್ತೆ ಬ್ಯಾಕ್‌ವಾಶ್. ಮರಳು ಐದಾರು ವರ್ಷ ಬಾಳುತ್ತದೆ. ದಿನಕ್ಕೆ ಒಮ್ಮೆಯಾದರೂ ಪೂರ್ತಿ ನೀರು ಫಿಲ್ಟರಿನಲ್ಲಿ ಹಾದು ಬರುವಷ್ಟು ಹೊತ್ತು ಪಂಪ್ ಓಡಬೇಕು, ಕರೆಂಟು ಕೈಕೊಟ್ಟ ದಿನ ಹೆಚ್ಚು ಹೊತ್ತು ಓಡಿಸಿ ಸರಿದೂಗಿಸಿ.

ಕೊಳೆ ಬರುವ ದಾರಿಯನ್ನೂ ನೋಡಬೇಕಲ್ಲ. 2017ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಈಜುಕೊಳಗಳಲ್ಲಿ ಮೂತ್ರ ಎಷ್ಟಿದೆ ಎಂದು ಅಳೆದರು. ಅವರು ಹುಡುಕಿದ್ದು ಕೃತಕ ಸಿಹಿಯೊಂದನ್ನು. ಅದು ದೇಹದಲ್ಲಿ ಅರಗದೆ ಹಾಗೇ ಹೊರಗೆ ಬರುತ್ತದೆ. ಸುಮಾರು ಎಂಟು ಲಕ್ಷ ಲೀಟರಿನ ಒಂದು ಸಾರ್ವಜನಿಕ ಕೊಳದಲ್ಲಿ ಅವರ ಅಂದಾಜು 75 ಲೀಟರ್ ಮೂತ್ರ. ನಿಮ್ಮ ಮಕ್ಕಳು ಬಹಳ ಒಳ್ಳೆಯವರೇ ಇರಬಹುದು, ಆದರೂ ನೀರಿಗಿಳಿಯುವ ಮೊದಲು ಬಾತ್‌ರೂಮಿಗೆ ಕಳಿಸಿ, ಒಂದು ನಿಮಿಷ ಶವರಿನಡಿ ನಿಲ್ಲಿಸಿ. ಅಷ್ಟರಲ್ಲೇ ಮೈಮೇಲಿನ ಬಹುಪಾಲು ಕೊಳೆ ತೊಳೆದುಹೋಗುತ್ತದೆ. ಇನ್ನೊಂದು ನಮ್ಮ ಕಡೆಯ ಸಮಸ್ಯೆ ಎಣ್ಣೆ. ದೀಪಾವಳಿಯ ಬೆಳಿಗ್ಗೆ ಅಜ್ಜಿ ಹರಳೆಣ್ಣೆ ತಿಕ್ಕಿದ ಹುಡುಗರು ಸೀಗೆಪುಡಿಗೆ ಸಿಗದೆ ನೇರ ಕೊಳಕ್ಕೆ ಧುಮುಕಿದರೆ ಕೊಳ ನೋಡಿಕೊಳ್ಳುವ ಹುಡುಗನ ಒಂದು ವಾರದ ಕೆಲಸ ಹಾಳು. ಟೈಲ್ಸ್ ಮೇಲಿನ ಜಿಡ್ಡಿನ ಗೆರೆ ಇದರದ್ದೇ. ಹುಟ್ಟುಹಬ್ಬಕ್ಕೆ ಇಪ್ಪತ್ತು ಮಕ್ಕಳು ಬಂದು ಹೋದ ರಾತ್ರಿ ಮಾಮೂಲಿಗಿಂತ ಎರಡು ಪಟ್ಟು ಕ್ಲೋರಿನ್ ಹಾಕಿ, ಮರುದಿನ ಅಳೆಯದೆ ಇಳಿಯಬೇಡಿ.

ಭೇದಿಯಾದ ಮಗುವನ್ನು ಮಾತ್ರ, ಎಷ್ಟೇ ಅತ್ತರೂ, ನೀರಿಗೆ ಬಿಡಬೇಡಿ. ಕ್ಲೋರಿನ್ ಬಹುಪಾಲು ರೋಗಾಣುಗಳನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಆದರೆ ಭೇದಿ ತರಿಸುವ ಕ್ರಿಪ್ಟೋಸ್ಪೋರಿಡಿಯಂ 1 ಪಿಪಿಎಂ ಕ್ಲೋರಿನ್ ನೀರಿನಲ್ಲಿ ಹತ್ತು ದಿನಕ್ಕೂ ಹೆಚ್ಚು ಬದುಕಬಲ್ಲದು. ಭೇದಿ ನಿಂತ ಮೇಲೂ ಎರಡು ವಾರ ದೂರ ಇರಲಿ. ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಮೂಗಿನಿಂದ ಮೆದುಳಿಗೆ ಹೋಗುವ ಅಮೀಬಾ ಸೋಂಕಿನ ಸುದ್ದಿ ಓದಿರುತ್ತೀರಿ. ಅದು ಬೆಚ್ಚಗಿನ, ಕ್ಲೋರಿನ್ ಇಲ್ಲದ ಸಿಹಿನೀರಿನ ಜೀವಿ. ಈಗ ನಿಮ್ಮ ಕೊಳ ಅಂಥದ್ದೇ ನೀರು, ಆದ್ದರಿಂದ ಅಳತೆ ಸರಿಹೋಗುವವರೆಗೆ ಮಕ್ಕಳನ್ನು ಇಳಿಸಬೇಡಿ.

ಪಂಪ್‌ರೂಮಿನಲ್ಲಿ ಆಸಿಡ್ ಒಂದು ಮೂಲೆಗೆ, ಕ್ಲೋರಿನ್ ಸಾಮಾನು ಇನ್ನೊಂದು ಕೋಣೆಗೇ ಹೋಗಲಿ. ಎರಡೂ ಬೆರೆತರೆ ಹೊಮ್ಮುವುದು ಕ್ಲೋರಿನ್ ಅನಿಲ, ಮುಚ್ಚಿದ ಕೋಣೆಯಲ್ಲಿ ಪ್ರಾಣ ತೆಗೆಯುತ್ತದೆ. ಬಿಲ್ಲೆ ಹಾಕುತ್ತಿದ್ದ ಮಗ್ಗಿನಲ್ಲೇ ಹೈಪೋಕ್ಲೋರೈಟ್ ಕಾಳು ಅಳೆಯುವುದೂ ಬೇಡ, ಎರಡೂ ಕ್ಲೋರಿನ್ನೇ ಆದರೂ ಒದ್ದೆಯಲ್ಲಿ ಸೇರಿದರೆ ಬೆಂಕಿ ಹತ್ತಿ ಸಿಡಿಯಬಹುದು. ಯಾರಾದರೂ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ವಾಸನೆಯೇ ಇರುವುದಿಲ್ಲ ಎಂದರೆ 2016ರ ರಿಯೊ ಒಲಿಂಪಿಕ್ಸ್ ನೆನಪಿಸಿ. ಕ್ಲೋರಿನ್ ಇದ್ದ ನೀರಿಗೆ ಪೆರಾಕ್ಸೈಡ್ ಸುರಿದರು, ಒಂದು ಇನ್ನೊಂದನ್ನು ಅಳಿಸಿತು, ಜಗತ್ತೆಲ್ಲ ನೋಡುತ್ತಿದ್ದಂತೆ ಡೈವಿಂಗ್ ಕೊಳ ಹಸಿರಾಯಿತು.

ಕೊನೆಗೆ ಮಾವನವರ ಮೈಲುತುತ್ತ. ಅವರ ಮಾತು ಸುಳ್ಳಲ್ಲ, ತಾಮ್ರ ಪಾಚಿಯನ್ನು ಕೊಲ್ಲುತ್ತದೆ, ಅಂಗಡಿಯಲ್ಲಿ ಪಾಚಿನಾಶಕ ಎಂದು ಮಾರುವ ಎಷ್ಟೋ ಬಾಟಲಿಗಳಲ್ಲಿ ಇರುವುದೂ ತಾಮ್ರವೇ. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜತೆ ಹೊಡೆದಾಗ ಅದು ಗೊನೆಯ ಮೇಲೆ ಅಂಟಿ ಕೂರಬೇಕು, ಅಲ್ಲಿ ಅದೇ ಗುಣ. ನಿಮ್ಮ ಸುಣ್ಣದ ಅಂಶದ, ಪಿಎಚ್ ಏರಿದ ನೀರಿನಲ್ಲಿ ಅದು ಟೈಲ್ಸ್ ಸಂದಿನಲ್ಲಿ ಅಂಟಿ ಕೂರುತ್ತದೆ, ನೀಲಿ ಹಸಿರು ಕಲೆಯಾಗಿ, ಕೆಲವೊಮ್ಮೆ ಕಪ್ಪಾಗಿ. ಪಾಚಿ ಸತ್ತರೂ ಕ್ಲೋರಮೈನಿಗೆ, ಅಂದರೆ ನಿಮ್ಮ ಘಾಟಿಗೆ, ತಾಮ್ರದಿಂದ ಏನೂ ಆಗದು. ಈಗಾಗಲೇ ಒಂದು ಹಿಡಿ ಹಾಕಿಬಿಟ್ಟಿದ್ದರೆ ಮೇಲೆ ಹೇಳಿದ ರಾತ್ರಿಯ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿ. ಅಷ್ಟು ಕ್ಲೋರಿನ್ ಒಮ್ಮೆಗೇ ಬಿದ್ದರೆ ತಾಮ್ರವೆಲ್ಲ ಗೋಡೆಗೆ ಇಳಿಯುತ್ತದೆ. ಆಗ ಸಯನ್ಯೂರಿಕ್ ಆಸಿಡ್ ಎಷ್ಟೇ ಬಂದಿರಲಿ, ಮೊದಲು ಅರ್ಧ ನೀರು ಬದಲಾಯಿಸಿ, ಪಿಎಚ್ 7.2ಕ್ಕೆ ತಂದು, ಆಮೇಲೆ ಶುರುಮಾಡಿ.